ಮೂರನೆಯ ತೊಟ್ಟಿಯ ನೀರು

ಇದು ಆಗುವ ಮಾತಲ್ಲ ಅಂತ ಹೇಳಿದವರು ನಮ್ಮ ಸೋದರಮಾವ. ನಾನು ಎಂಜಿನಿಯರಿಂಗ್ ಸೇರಿದ ವಾರ ಅವರು ಲೋಧಿ ಕಾಲೋನಿಯ ನಮ್ಮ ಒಂದು ಕೋಣೆಯ ಮನೆಗೆ ಬಂದಾಗ ನಾನು ನಲ್ಲಿಯ ಹತ್ತಿರ ಬಟ್ಟೆ ಜಾಲಿಸುತ್ತಿದ್ದೆ.

"ನಿಮ್ಮಪ್ಪ ಸಾಹೇಬರ ಕಾರು ಓಡಿಸ್ತಾನೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಹನ್ನೆರಡನೇ ಕ್ಲಾಸು ದಾಟಿದವರಿಲ್ಲ. ನೀನು ಎಂಜಿನಿಯರ್ರು? ಅಚ್ಛಾ! ಮೊದಲು ಆ ಕೈ ಒರೆಸ್ಕೋ ತಾಯಿ," ಎಂದು ನಕ್ಕರು. ಅಮ್ಮ ಅವರಿಗೆ ಕೊಟ್ಟ ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಮರೆತದ್ದಲ್ಲವೆಂದು ನನ್ನ ಅನುಮಾನ.

ಓದಿದೆ. ಫೇಲಾದ ಪೇಪರುಗಳನ್ನು ಮತ್ತೆ ಬರೆದೆ. ಕೊನೆಗೆ ಉಳಿದದ್ದು ಪ್ರಾಜೆಕ್ಟ್. ಓಖ್ಲಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಅದರ ಬಣ್ಣದ ನೀರು ಚರಂಡಿಗೆ ಹೋಗುವುದನ್ನು ತಗ್ಗಿಸಲು ಯಾವ ವಿಧಾನ ಒಳ್ಳೆಯದೆಂದು ಆರಿಸಿ, ಮಾಡಿಯೂ ತೋರಿಸಬೇಕು. "ಚರಂಡಿಯಲ್ಲಿ ವ್ಯತ್ಯಾಸ ಕಾಣದಿದ್ದರೆ ಪಾಸಿಲ್ಲ, ಡಿಗ್ರಿಯೂ ಇಲ್ಲ," ಎಂದರು ಪ್ರಾಜೆಕ್ಟ್ ನೋಡಿಕೊಳ್ಳುವ ನಮ್ಮ ಕಾಲೇಜಿನ ಮೇಡಂ.

ನಾನು ಎಲ್ಲಕ್ಕಿಂತ ದೊಡ್ಡ ಸೋಸುವ ಯಂತ್ರವನ್ನು ಆರಿಸಿದೆ. ಚಿತ್ರದಲ್ಲಿ ಬಹಳ ಚೆನ್ನಾಗಿತ್ತು. ಮಾಲೀಕರು ಚಿತ್ರ ನೋಡಿದರು, ತಮ್ಮ ಇಕ್ಕಟ್ಟಾದ ಶೆಡ್ಡು ನೋಡಿದರು. "ಬೇಟಿ, ಇದನ್ನ ಎಲ್ಲಿಡಲಿ? ನನ್ನ ತಲೆ ಮೇಲೆ?"

ಮುಖ ಸಣ್ಣದು ಮಾಡಿಕೊಂಡು ಅಲ್ಲೇ ಕೆಲಸ ನೋಡುತ್ತ ನಿಂತೆ. ಬಣ್ಣ ಹಾಕಿದ ಬಟ್ಟೆಯನ್ನು ಒಂದಾದ ಮೇಲೊಂದು ಮೂರು ತೊಟ್ಟಿಗಳಲ್ಲಿ ಜಾಲಿಸುತ್ತಿದ್ದರು. ಮೂರಕ್ಕೂ ಹೊಸ ನೀರು, ಮೂರೂ ಚರಂಡಿಗೆ. ಮೂರನೆಯದರ ನೀರಂತೂ ತಿಳಿಯಾಗೇ ಇತ್ತು. ನನಗೆ ಹೊಟ್ಟೆ ಉರಿಯಿತು. ನಮ್ಮ ನಲ್ಲಿಯಲ್ಲಿ ನೀರು ಬರುವುದೇ ಬೆಳಗ್ಗೆ ಒಂದಿಷ್ಟು ಹೊತ್ತು. ಒಂದು ಕಂತು ಬಟ್ಟೆ ಜಾಲಿಸಿದ ಕಡೆಯ ಬಕೆಟ್ಟು ನೀರೇ ಮುಂದಿನ ಕಂತಿಗೆ ಮೊದಲ ಬಕೆಟ್ಟು. ಚೆಲ್ಲಿದರೆ ಅಮ್ಮನಿಂದ ಮಂಗಳಾರತಿ. ಈ ವಿಧಾನ ಪಠ್ಯಪುಸ್ತಕದಲ್ಲೂ ಇತ್ತು. ಬಕೆಟ್ಟಿನ ಕೆಲಸಕ್ಕೆ ಯಾರು ಡಿಗ್ರಿ ಕೊಡುತ್ತಾರೆಂದು ಆ ಪುಟ ಮಗುಚಿದ್ದೆ.

ಪೈಪು ಹಾಕಿಸಿದೆವು. ಮೂರನೆಯ ತೊಟ್ಟಿಯ ನೀರು ಎರಡನೆಯದಕ್ಕೆ, ಅದರದ್ದು ಮೊದಲನೆಯದಕ್ಕೆ, ಅಲ್ಲಿಂದ ಮಾತ್ರ ಹೊರಗೆ. ಹೀಗೆ ಕಡಿಮೆಯಾದ ನೀರಿನ ಬಣ್ಣವನ್ನು ತಳಕ್ಕೆ ಕೂರಿಸಲು ಮೂಲೆಯಲ್ಲೊಂದು ಸಣ್ಣ ಟ್ಯಾಂಕು ಸಾಕಾಯಿತು.

ಮೊದಲ ದಿನವೇ ಕೆಂಪು ಬಟ್ಟೆಯ ಹಿಂದೆ ತಿಳಿ ಹಳದಿ ಬಂತು. ಹೊರಬಂದದ್ದು ಕಿತ್ತಳೆ.

"ವಾಹ್ ಬೇಟಿ! ಬಣ್ಣ ಹಾಕೋದೂ ಫ್ರೀನಾ?" ಎಂದರು ಮಾಲೀಕರು.

ಮನೆಯಲ್ಲಿ ಅಪ್ಪನ ಬಿಳಿ ಯೂನಿಫಾರ್ಮು ಮೊದಲು, ನನ್ನ ಕೆಂಪು ದುಪಟ್ಟಾ ಕಡೆಗೆ. ಆ ಅರ್ಧ ಪಾಠ ಮರೆತಿದ್ದೆ. ಮರುದಿನದಿಂದ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಮೇಡಂ ಬಂದರು. ಜಾಲಿಸಿದ ನೀಲಿ ಬಟ್ಟೆಗೆ ತಮ್ಮ ಬಿಳಿ ಕರ್ಚೀಫು ಉಜ್ಜಿದರು, ಬಿಳಿಯಾಗೇ ಉಳಿಯಿತು. ಹೊರಗೆ ಹೋಗಿ ಬಗ್ಗಿ ಚರಂಡಿ ನೋಡಿದರು. ದಪ್ಪಗೆ ಸುರಿಯುತ್ತಿದ್ದ ಕಡೆ ಈಗ ಸಣ್ಣ ಧಾರೆ, ಅದೂ ಹೆಚ್ಚುಕಡಿಮೆ ತಿಳಿ.

"ಚಲೋ," ಎಂದರು. "ಪಾಸ್."

ಪದವಿ ಪ್ರದಾನದ ದಿನ ಮಾವನೂ ಬಂದಿದ್ದರು. ವೇದಿಕೆಯ ಮೇಲೆ ಸರ್ಟಿಫಿಕೇಟು ತೆಗೆದುಕೊಂಡು, ಕೆಳಗಿಳಿದು ನೇರವಾಗಿ ಅವರ ಮುಂದೆ ಚಾಚಿದೆ. ಅವರು ತಕ್ಷಣ ಮುಟ್ಟಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದರು.

"ತಾಳು ತಾಯಿ, ಕೈ ಒರೆಸ್ಕೊಳ್ಳೋ ಸರದಿ ಈಗ ನಂದು."