ಮುಡಿಗೂ ಗುಡಿಗೂ ಬೇಡದ ಈರುಳ್ಳಿ ಹೂವು

ಬೆಳಗಿನ ಐದೂವರೆ. ಏಲಕ್ಕಿ ತೋಟಗಳಿಗೆ ಕೆಲಸದ ಹೆಂಗಸರನ್ನು ತುಂಬಿಕೊಂಡ ಜೀಪುಗಳು ತಮಿಳುನಾಡಿನ ಕಂಬಂ ಪಟ್ಟಣ ಬಿಟ್ಟು ಒಂದರ ಹಿಂದೊಂದು ಘಟ್ಟ ಹತ್ತುತ್ತಿವೆ. ಅದೇ ಹೊತ್ತಿಗೆ ಕಾಮಯಗೌಂಡನ್‌ಪಟ್ಟಿಯಿಂದ ಬಂದ ಮೊದಲ ಬಸ್ಸಿನಿಂದ ಪಿಚ್ಚೈಯಮ್ಮಾಳ್ ಇಳಿಯುತ್ತಾರೆ. ಎಡಗಾಲನ್ನು ತುಸು ಎಳೆದು ಹಾಕುತ್ತ ಎರಡು ಬೀದಿ ದಾಟಿ, ನಿವೃತ್ತ ಮುಖ್ಯೋಪಾಧ್ಯಾಯಿನಿ ಜೆಯಲಕ್ಷ್ಮಿಯವರ ಮನೆಯ ಗೇಟು ತೆಗೆಯುತ್ತಾರೆ. ನೀರಿನ ಕೊಡ ಮುಟ್ಟುವ ಮೊದಲು ಅವರು ಹೋಗುವುದು ಜಗಲಿಗೆ. ಅಲ್ಲೊಂದು ಹಿತ್ತಾಳೆ ಬಿಂದಿಗೆ, ಅದರಲ್ಲಿ ಉದ್ದನೆಯ ದಂಟುಗಳ ತುದಿಗೆ ನಿಂಬೆಹಣ್ಣಿನ ಗಾತ್ರದ ಊದಾ ಬಣ್ಣದ ಗುಂಡು ಹೂಗಳು. ಬೆರಳಿಟ್ಟು ಎಣಿಸುತ್ತಾರೆ. ಒಂಬತ್ತು. ಆಮೇಲೆ ಅಂಗಳದ ಮೂಲೆಯ ಪಾತಿಗೆ ಹೋಗಿ ಅಲ್ಲಿಯೂ ಎಣಿಸುತ್ತಾರೆ. ಎರಡು.

"ಹನ್ನೊಂದು. ಎಲ್ಲಾ ಇದಾವೆ," ಎಂದು ತಮಗೇ ಹೇಳಿಕೊಂಡು ಉಸಿರು ಬಿಡುತ್ತಾರೆ. ಹೂವೇನು ರಾತ್ರಿ ಎದ್ದು ನಡೆದುಹೋಗುತ್ತದೆಯೇ ಎಂದು ನಾನು ನಗುತ್ತೇನೆ. ಅವರು ನಗುವುದಿಲ್ಲ. ಫೆಬ್ರವರಿ ನಡುವೆ ಹುಟ್ಟಿದ ಈ ಮಾಸಿ ತಿಂಗಳಲ್ಲಿ ನಡೆದದ್ದು ಕೇಳಿದ ಮೇಲೆ ನಾನೂ ನಗುವುದನ್ನು ಬಿಟ್ಟೆ.

ನಾನು ಕಂಬಂ ಕಣಿವೆಗೆ ಬಂದದ್ದು ದ್ರಾಕ್ಷಿಯ ಬಗ್ಗೆ ಬರೆಯಲು. ಜಗಲಿಯ ಈ ಹೂಗಳನ್ನು ಬೀದಿಯಿಂದ ನೋಡಿ ಪ್ಲಾಸ್ಟಿಕ್ಕೆಂದುಕೊಂಡು ಮುಂದೆ ಹೋದವನು, ಒಳಗಿನಿಂದ ಕನ್ನಡ ಕೇಳಿ ಹಿಂದಿರುಗಿದೆ. ಪಿಚ್ಚೈಯಮ್ಮಾಳ್ ಅವರದು ನೂರಾರು ವರ್ಷಗಳ ಹಿಂದೆ ಇತ್ತ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಮನೆಯಲ್ಲಿ ಆಡುವ ಕನ್ನಡದೊಳಗೆ ತಮಿಳು ಧಾರಾಳವಾಗಿ ಓಡಾಡುತ್ತದೆ. ಐದು ನಿಮಿಷದಲ್ಲಿ ನಾನು ಅವರಿಗೆ 'ತಂಬಿ'ಯಾದೆ, ತಮ್ಮನಾದೆ, ಕೈಗೆ ಕಾಫಿ ಲೋಟ ಬಂತು, ದ್ರಾಕ್ಷಿ ಮರೆತುಹೋಯಿತು.

ಹೂವು ಈರುಳ್ಳಿ ಜಾತಿಯದು. ತಿನ್ನಲಲ್ಲ, ಅಂದಕ್ಕೆ ಬೆಳೆಸುವುದು. ಮೂಸಿದರೆ ಸಿಹಿ, ದಂಟನ್ನು ಉಜ್ಜಿದರೆ ಸಾಂಬಾರಿನ ನೆನಪು. "ಇದು ತಲೇಗೂ ಆಗಾದಿಲ್ಲ, ಸಾಮಿಗೂ ಆಗಾದಿಲ್ಲ ತಂಬಿ," ಎನ್ನುತ್ತಾರೆ ಪಿಚ್ಚೈಯಮ್ಮಾಳ್. "ವೆಂಗಾಯದ ಹೂವ ಯಾರು ಮುಡೀತಾರೆ? ಪೂಜೆಗೆ ಇಟ್ರೆ ಸಾಮಿ ಎದ್ದು ಓಡ್ತದೆ. ಬರೀ ಕಣ್ಣಿಗೆ. ಅದು ಪೋದಾದಾ?" ಸಾಲದೇ ಎಂದು ನನ್ನನ್ನು ಕೇಳುವಾಗ ಅವರ ಮುಖದಲ್ಲಿ ತುಂಟತನವಿದೆ. ಇಷ್ಟು ದುಡಿದದ್ದು ಬರೀ ಕಣ್ಣಿಗಾಗಿ ಎಂಬ ಬೆರಗೂ ಇದೆ.

ಅವರಿಗೀಗ ಐವತ್ತೇಳು. ಹುಟ್ಟಿದ್ದು ಪಳನಿಯ ಕಡೆ, ಸಾಂಬಾರು ಈರುಳ್ಳಿಯ ಹೊಲಗಳ ನಡುವೆ. ಎಂಟನೇ ವಯಸ್ಸಿಗೆ ಹೊಲಕ್ಕಿಳಿದವರು ಮದುವೆಯಾಗಿ ಇತ್ತ ಬಂದ ಮೇಲೂ ಪ್ರತಿ ಹಂಗಾಮಿಗೆ ತವರಿನ ಕಡೆ ಈರುಳ್ಳಿ ಕೆಲಸಕ್ಕೆ ಹೋಗುತ್ತಿದ್ದರು. ನಾಟಿ, ಕಳೆ, ಕೀಳುವುದು, ಎಲ್ಲವೂ ಕುಕ್ಕರುಗಾಲಲ್ಲಿ. ಆ ಕೆಲಸದಲ್ಲಿ ಒಂದು ಪಾಠವನ್ನು ಎಲ್ಲ ಮಕ್ಕಳಿಗೂ ಮೊದಲ ದಿನವೇ ಕಲಿಸುತ್ತಾರೆ: ಈರುಳ್ಳಿಗೆ ಹೂದಂಟು ಬಂತೋ, ಮುರಿ. ಹೂ ಬಿಟ್ಟರೆ ಗಡ್ಡೆಯ ನಡುವೆ ಗಟ್ಟಿ ದಂಟು ಕೂತು, ಕೂಡಿಟ್ಟಾಗ ಅದು ಮೊದಲು ಕೊಳೆಯುತ್ತದೆ, ಪಕ್ಕದವನ್ನೂ ಕೊಳೆಸುತ್ತದೆ. "ದಿನಕ್ಕೆ ಸಾವಿರ ಮುರ್ದಿದೀನಿ. ಕಣ್ಣು ಕಂಡ್ರೆ ಸಾಕು, ಕೈ ತಾನಾಗೇ ಹೋಯ್ತದೆ. ಮುರ್ದಿದ್ದ ಮಡಿಲಿಗೆ ಹಾಕೊಂಡು ಬಂದು ರಾತ್ರಿ ಪಲ್ಯ." ಮೂವತ್ತೆಂಟು ವರ್ಷದ ಈ ಕೆಲಸ ಮಂಡಿಯನ್ನು ತಿಂದುಹಾಕಿತು. ಗಂಡ ತೀರಿಕೊಂಡ ಮೇಲೆ ಕೂತು ಮಾಡುವ ಕೆಲಸ ಆಗದೆ, ನಿಂತು ಮಾಡುವ ಕೆಲಸ ಹುಡುಕುತ್ತ ಈ ಮನೆಯ ಕೈತೋಟಕ್ಕೆ ಬಂದರು. ದಿನಕ್ಕೆ ಮೂವತ್ತೆರಡು ಕೊಡ ನೀರು, ಎರಡು ಸಲ ಕಸ, ಮಲ್ಲಿಗೆ, ಕನಕಾಂಬರ, ಇಪ್ಪತ್ತು ಕುಂಡ ಕ್ರೋಟನ್.

ಮೂರು ವರ್ಷದ ಹಿಂದೆ ಜೆಯಲಕ್ಷ್ಮಿಯವರು ಕೊಡೈಕೆನಾಲಿಗೆ ಹೋದಾಗ ಒಂದು ಬಂಗಲೆಯ ಬೇಲಿಯೊಳಗೆ ಈ ಊದಾ ಗುಂಡುಗಳನ್ನು ಕಂಡರು. ಅಲ್ಲಿನ ತೋಟಗಾರ ಪೇಪರಿನಲ್ಲಿ ಸುತ್ತಿ ಏಳು ಗಡ್ಡೆ ಕೊಟ್ಟ. ಟೀಚರಮ್ಮ ಅವನ್ನು ಪಿಚ್ಚೈಯಮ್ಮಾಳ್ ಕೈಗಿಟ್ಟು, ಅಂಗಳದ ಮೂಲೆಯಲ್ಲೊಂದು ಪಾತಿ ಮಾಡಿಸಿದರು. ಎರಡು ವರ್ಷ ಸೊಂಪಾಗಿ ಎಲೆ ಬಂತು, ಏಳು ಗಡ್ಡೆ ಹನ್ನೊಂದೂ ಆಯಿತು. ಹೂ ಮಾತ್ರ ಇಲ್ಲ. ಈರುಳ್ಳಿಗೆ ನೀರು ಹಾಕಿ ಹಾಡು ಹೇಳುತ್ತೀಯಾ ಎಂದು ಬೀದಿಯ ಹೆಂಗಸರೆಲ್ಲ ರೇಗಿಸಿದರು. ಕಳೆದ ಬೇಸಿಗೆಯಲ್ಲಿ ಟೀಚರಮ್ಮನ ತಾಳ್ಮೆಯೂ ತೀರಿತು. ಇನ್ನೊಂದು ವರ್ಷ ನೋಡುತ್ತೇನೆ, ಹೂ ಬರದಿದ್ದರೆ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸುತ್ತೇನೆ, ಕುಂಡಗಳಿಗೆ ನಾನೇ ನೀರು ಹಾಕಿಕೊಳ್ಳುತ್ತೇನೆ ಎಂದುಬಿಟ್ಟರು. ಅದರ ಅರ್ಥ ಪಿಚ್ಚೈಯಮ್ಮಾಳ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾತಿ ಹೋದರೆ ಕೆಲಸವೂ ಹೋಗುತ್ತದೆ. ಈ ಮಂಡಿ ಇಟ್ಟುಕೊಂಡು ಬೇರೆ ಯಾರ ಮನೆಗೆ ಹೋಗುವುದು?

ಆಗ ಅವರು ಯೋಚಿಸಿದ ಬಗೆ ನನಗೆ ಬಹಳ ಹಿಡಿಸಿತು. ಪುಸ್ತಕವಿಲ್ಲ, ಕೇಳಲು ಯಾರೂ ಇಲ್ಲ. "ಮಲೆ ಮೇಲೆ ಹುಟ್ಟಿದ್ದು. ಇಲ್ಲಿ ಅದುಕ್ಕೆ ಚಳಿ ಎಲ್ಲೈತೆ? ಅಪ್ಪೊ, ಚಳಿಗೆ ಕಳಿಸಾದು." ಎಲೆ ಒಣಗಿದ ಮೇಲೆ ಗಡ್ಡೆಗಳನ್ನು ಕಿತ್ತು, ಬಿತ್ತನೆ ಈರುಳ್ಳಿಯಂತೆ ಜುಟ್ಟು ಕಟ್ಟಿ ಒಲೆಯ ಮೇಲೆ ಹೊಗೆಗೆ ತೂಗುಹಾಕಿದರು. ಅಕ್ಟೋಬರ್ ನಡುವೆ ಐಪ್ಪಸಿ ತಿಂಗಳು ಹುಟ್ಟುತ್ತಲೇ ಬುಟ್ಟಿಗೆ ತುಂಬಿ ತಂಗಿ ಪೊನ್ನುತಾಯಿಯ ಕೈಗೆ ಕೊಟ್ಟರು. ಪೊನ್ನುತಾಯಿ ಜೀಪಿನಲ್ಲಿ ದಿನಾ ಘಟ್ಟ ಹತ್ತಿ ಏಲಕ್ಕಿ ಬಿಡಿಸುವವರು. ಬುಟ್ಟಿ ಎರಡು ತಿಂಗಳು ತೋಟದ ಸಾಮಾನಿನ ಕೊಟ್ಟಿಗೆಯಲ್ಲಿ, ಮಂಜಿನ ಗಾಳಿಗೆ ತೂಗಿತು. "ಅಕ್ಕ ಈರುಳ್ಳೀನ ತವರಿಗೆ ಕಳಿಸವ್ಳೆ ಅಂತ ಜೀಪೆಲ್ಲಾ ನಗಾದು," ಎಂದು ಪೊನ್ನುತಾಯಿ ಈಗಲೂ ನಗುತ್ತಾರೆ. ಧನುರ್ಮಾಸದ ಮಾರ್ಗಳಿಯಲ್ಲಿ ಗಡ್ಡೆಗಳು ಕೆಳಗಿಳಿದು ಮತ್ತೆ ಪಾತಿ ಸೇರಿದವು. ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಕೊನೆಗೆ ಎಲೆಗಳ ನಡುವಿನಿಂದ ಮೊದಲ ಹೂದಂಟು ಇಣುಕಿತು. ವಾರದಲ್ಲಿ ಒಂಬತ್ತು.

ಇಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಆ ವಾರವೇ ಪಿಚ್ಚೈಯಮ್ಮಾಳ್ ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕು ಕಾಲು ಊದಿಕೊಂಡಿತು. ಟೀಚರಮ್ಮ ನೆಂಟರ ಮದುವೆಗೆಂದು ಮಧುರೆಗೆ ಹೋಗಿದ್ದರು. ನೀರಿಗೆ ಯಾರೂ ಇಲ್ಲವೆಂದು ಪಿಚ್ಚೈಯಮ್ಮಾಳ್ ತಮ್ಮ ಸೊಸೆ ತೇನ್‌ಮೊಳಿಯನ್ನು ಕಳಿಸಿದರು. ತೇನ್‌ಮೊಳಿ ಅವರ ತಮ್ಮನ ಮಗಳೇ, ಅದೇ ಪಳನಿ ಕಡೆಯ ಹೊಲಗಳಲ್ಲಿ ಬೆಳೆದವಳು, ಮದುವೆಯಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೂವತ್ತೆರಡು ಕೊಡ ನೀರು ಹಾಕು ಎಂದು ಹೇಳಿದರು. ದಂಟು ಮುಟ್ಟಬೇಡ ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ತೇನ್‌ಮೊಳಿ ಅಚ್ಚುಕಟ್ಟಾಗಿ ನೀರು ಹಾಕಿದಳು, ಕಸ ಗುಡಿಸಿದಳು. ಮೂಲೆಯ ಪಾತಿಯಲ್ಲಿ ಈರುಳ್ಳಿಗೆ ಹೂದಂಟು ಬಂದಿರುವುದು ಕಂಡಿತು. ಅತ್ತೆಗೆ ಕಾಲು ನೋವು, ಪಾಪ, ನೋಡಿಕೊಳ್ಳಲಾಗಿಲ್ಲ ಎಂದುಕೊಂಡು ಒಂಬತ್ತನ್ನೂ ಬುಡಕ್ಕೆ ಮುರಿದು, ಪಲ್ಯಕ್ಕಾಗುತ್ತದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು.

"ನಾನು ಚಾಪೆ ಮೇಲೆ ಮಲಗಿದ್ದೆ. ಇವ್ಳು ಮುಂದೆ ಕೂತು ಪಲ್ಯ ಹೆಚ್ಚಾಕೆ ಅರಿವಾಳ್ಮಣೆ ಹಾಕ್ಕೊಂಡ್ಳು. ಮೊರದಲ್ಲಿ ನೋಡ್ತೀನಿ, ನನ್ನ ದಂಟು!" ಪಿಚ್ಚೈಯಮ್ಮಾಳ್ ಕಿರುಚಿದ್ದು ಪಕ್ಕದ ಬೀದಿಗೂ ಕೇಳಿತಂತೆ. ತೇನ್‌ಮೊಳಿ ತಲೆ ತಗ್ಗಿಸಿ ಉಳಿದದ್ದನ್ನು ಹೇಳುತ್ತಾಳೆ: "ವೆಂಗಾಯದಲ್ಲಿ ಹೂ ಬೇಕು ಅನ್ನೋರ ನಾ ನೋಡಿದ್ದೇ ಇಲ್ಲ. ಒಳ್ಳೇದು ಮಾಡ್ದೆ ಅಂದ್ಕೊಂಡೆ. ಮೂರು ದಿನ ಅನ್ನ ಇಳೀಲಿಲ್ಲ." ಅತ್ತೆ ಬೈಯಲಿಲ್ಲವೇ ಎಂದು ಕೇಳಿದೆ. "ಏನಂತ ಬೈಯಾದು?" ಎಂದು ಅತ್ತೆಯೇ ಉತ್ತರ ಕೊಟ್ಟರು. "ಚಿಕ್ಕದ್ರಲ್ಲಿ ಅವ್ಳಿಗೆ ಮುರಿಯಾಕೆ ಕಲಿಸಿದ್ದೇ ನಾನು."

ಮುರಿದ ದಂಟುಗಳ ತುದಿಯಲ್ಲಿ ಮೊಗ್ಗು ತೆಳುವಾದ ಪೊರೆಯೊಳಗೆ ಇನ್ನೂ ಮುಚ್ಚಿಕೊಂಡಿತ್ತು. ಪಿಚ್ಚೈಯಮ್ಮಾಳ್‌ಗೆ ಹೊಲದ ಬದುವಿನ ನೆನಪೊಂದು ಬಂತು. ಮುರಿದು ಕಾಲುವೆ ಬದಿಗೆ ಎಸೆದ ದಂಟು ನೀರು ತಾಗಿದರೆ ಎಷ್ಟೋ ದಿನ ಹಸಿರಾಗಿ, ತಲೆಯೆತ್ತಿ ಇರುತ್ತಿತ್ತು. ಮದುವೆಗೆ ತವರಿನವರು ಕೊಟ್ಟ ಹಿತ್ತಾಳೆ ಬಿಂದಿಗೆಗೆ ನೀರು ತುಂಬಿಸಿ ಒಂಬತ್ತನ್ನೂ ನಿಲ್ಲಿಸಿದರು. ಟೀಚರಮ್ಮ ಊರಿಂದ ಬಂದ ಬೆಳಿಗ್ಗೆ ಕುಂಟುತ್ತಲೇ ಬಸ್ಸು ಹತ್ತಿ, ಬಿಂದಿಗೆ ಮಡಿಲಲ್ಲಿಟ್ಟುಕೊಂಡು ಬಂದು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬೇಕಾದರೆ ದನ ಮೇಯ್ದಿತು ಎಂದು ಹೇಳಬಹುದಿತ್ತು. ಅವರು ಹಾಗೆ ಹೇಳುವ ಹೆಂಗಸಲ್ಲ.

"ನನಗೆ ಸಿಟ್ಟಿಗಿಂತ ದುಃಖ ಬಂತು," ಎಂದು ಜೆಯಲಕ್ಷ್ಮಿಯವರು ತಮಿಳಿನಲ್ಲಿ ಹೇಳುತ್ತಾರೆ. "ಸಿಮೆಂಟು ಮೇಸ್ತ್ರಿ ಬರುವುದು ಮುಂದಿನ ವಾರದ ಗುರುವಾರ, ಅಲ್ಲಿವರೆಗೆ ಬಿಂದಿಗೆ ಇರಲಿ ಅಂದೆ." ಮರುದಿನವೇ ಗೇಟಿನ ಪಕ್ಕ ಒಂದು ಗಾಡಿ ಮರಳು ಬಂದು ಬಿತ್ತು. ಪಿಚ್ಚೈಯಮ್ಮಾಳ್ ದಿನಾ ಆ ಮರಳಿನ ಗುಡ್ಡೆ ದಾಟಿ ಬಂದು ಬಿಂದಿಗೆಯ ನೀರು ಬದಲಿಸುತ್ತಿದ್ದರು, ದಂಟಿನ ಬುಡವನ್ನು ಉಗುರಿನಷ್ಟು ಕತ್ತರಿಸುತ್ತಿದ್ದರು. ಒಂದು ದಿನ, ಎರಡು ದಿನ, ಐದು ದಿನ. ಮೊಗ್ಗು ಮಿಸುಕಲಿಲ್ಲ. ಏಳನೆಯ ದಿನ ಒಂದರ ಪೊರೆ ಬಿರಿಯಿತು. ಒಂಬತ್ತನೆಯ ದಿನ, ಮೇಸ್ತ್ರಿ ಬರಲು ಇನ್ನೂ ಎರಡು ದಿನ ಇರುವಾಗ, ಅವರು ಗೇಟು ತೆಗೆದರೆ ಜಗಲಿಯಲ್ಲಿ ಟೀಚರಮ್ಮ ಬಿಂದಿಗೆಯ ಮುಂದೆ ಕೂತಿದ್ದಾರೆ. ಕಾಫಿ ಪಕ್ಕದಲ್ಲಿ ಆರಿಹೋಗಿದೆ. ಮೂರು ಗುಂಡು ಪೂರ್ತಿ ಅರಳಿವೆ.

"ಪಿಚ್ಚೈ, ವಂದು ಪಾರು," ಬಂದು ನೋಡು, ಎಂದರಂತೆ ಟೀಚರಮ್ಮ. ಅಷ್ಟೇ. ಪಿಚ್ಚೈಯಮ್ಮಾಳ್ ಮೆಟ್ಟಿಲ ಮೇಲೆ ಕೂತು ಅತ್ತರಂತೆ. "ಹೋದ ಜೀವ ಬಂತು ತಂಬಿ. ಕಾಲು ನೋವೂ ಮರ್ತೋಯ್ತು." ಇದನ್ನು ಹೇಳುವಾಗ ಅವರು ಮತ್ತೆ ಕಣ್ಣೊರೆಸಿಕೊಳ್ಳುತ್ತಾರೆ.

ಮೇಸ್ತ್ರಿಯನ್ನು ಬರಬೇಡವೆಂದರು. ಈರುಳ್ಳಿ ಜಾತಿಯ ಬುಡದಲ್ಲಿ ನೀರು ನಿಲ್ಲಬಾರದೆಂದು ಪಿಚ್ಚೈಯಮ್ಮಾಳ್ ಹೇಳಿದ್ದಕ್ಕೆ ಸಿಮೆಂಟಿಗೆಂದು ತರಿಸಿದ ಮರಳನ್ನೇ ಪಾತಿಗೆ ಬೆರೆಸಲು ಕೊಟ್ಟರು. ಮೂರು ದಿನ ಅತ್ತೆ ಸೊಸೆ ಇಬ್ಬರೂ ಮರಳು ಹೊತ್ತರು. ಹಾಗೆ ಹೊರುವಾಗಲೇ, ಹಿಂದೆ ಬಿದ್ದಿದ್ದ ಉಳಿದೆರಡು ಗಡ್ಡೆಗಳಿಂದ ದಂಟು ಇಣುಕಿದ್ದನ್ನು ತೇನ್‌ಮೊಳಿ ಕಂಡಳು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ಅತ್ತೆಯನ್ನು ಕೂಗಿದಳಂತೆ. ಈಗ ಆ ಎರಡೂ ಮುಷ್ಟಿಗಾತ್ರ ಅರಳಿ ನಿಂತಿವೆ. ಬುಡಕ್ಕೆ ಕೆಂಪು ರಿಬ್ಬನ್ ಕಟ್ಟಿದೆ. ಕಟ್ಟಿದವಳು ತೇನ್‌ಮೊಳಿ. ಈರುಳ್ಳಿ ಹೊಲದ ಇನ್ಯಾವ ಕೈಯಾದರೂ ಇತ್ತ ಬಂದರೆ ಎಂಬ ಹೆದರಿಕೆ.

ಬಿಸಿಲು ಏರಿತು. ಇಪ್ಪತ್ತನೆಯ ಕೊಡ ಇಳಿಸಿ ಪಿಚ್ಚೈಯಮ್ಮಾಳ್ ಪಾತಿಯ ಬದಿಯ ಕಲ್ಲಿನ ಮೇಲೆ ಕೂರುತ್ತಾರೆ. ಕೆಲಸ ಉಳಿಯಿತು, ಇನ್ನೇನು ಆಸೆ ಎಂದು ಕೇಳುತ್ತೇನೆ. ಮಂಡಿ ನೀವಿಕೊಳ್ಳುತ್ತ ಪಾತಿಯ ಎರಡು ಹೂಗಳತ್ತ ಕೈ ತೋರುತ್ತಾರೆ.

"ನಾವು ಗಡ್ಡೆ ನೆಟ್ಟು ಗಡ್ಡೆ ಕೀಳೋರು. ಹೂ ಬಿಡಾಕೇ ಬಿಟ್ಟಿಲ್ಲ. ನಲ್ವತ್ತು ವರ್ಷ ವೆಂಗಾಯದಲ್ಲೇ ಬಾಳ್ದೆ, ಅದ್ರ ಬಿತ್ತ ಹೆಂಗಿರ್ತದೆ, ಕರೀದೋ ಬಿಳೀದೋ, ನನಗೆ ತಿಳೀದು. ಇವೆರಡ ಯಾರೂ ಮುರಿಯಾಕಿಲ್ಲ. ಒಣಗಿ ಬಿತ್ತ ಕಟ್ಟಲಿ. ಮೊದ್ಲು ತೇನ್‌ಮೊಳಿ ಅಂಗೈಗೆ ಹಾಕಿ ನೋಡ್ತೀನಿ."