ಮೂರನೆಯ ಕೊಡದ ಉಪ್ಪು

ಆ ಬೇಸಿಗೆ ನಾನು ಅನ್ನಕ್ಕಿಂತ ಹೆಚ್ಚು ಹೊಳೆನೀರು ಬೇಯಿಸಿದೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಗಂಡನಿಗೆ ಸರಕಾರದವರು ಒಂದು ಕೆಲಸ ಅಂಟಿಸಿದ್ದರು. ಗುರುಪುರ ಹೊಳೆಯು ಮೇಲಿನ ಬಯಲಿನ ಗದ್ದೆಗಳನ್ನು ದಾಟಿ ಬರುವಷ್ಟರಲ್ಲಿ ಎಷ್ಟು ಉಪ್ಪು ಕೂಡಿಸಿಕೊಳ್ಳುತ್ತದೆ ಎಂದು ಅಳೆಯಬೇಕು. ಅಳೆಯುವವರು ಅವರು, ಒಲೆಯ ಮುಂದೆ ಬೇಯುವವಳು ನಾನು. ಬಿಜೈಯ ನಮ್ಮ ಆ ಕತ್ತಲೆ ಅಡುಗೆಮನೆಯಲ್ಲಿ ಹೊಗೆ ಕುಡಿದೂ ಕುಡಿದೂ ನನಗೆ ಹೊಳೆಯೆಂದರೆ ಸಾಕುಸಾಕಾಗಿತ್ತು.

ಇದಕ್ಕೆಲ್ಲ ಕಾರಣವಾದ ದೂರು ಕೊಟ್ಟವನು ನನ್ನ ತಮ್ಮನೇ. ಕಡಲಿಗೆ ಹತ್ತಿರದ ಕೂಳೂರಿನಲ್ಲಿ ಅವನಿಗಿದ್ದದ್ದು ಹೊಳೆಯಂಚಿನ ಒಂದು ಗದ್ದೆ. ಬೇಸಿಗೆಯ ಪೈರು ಕೆಂಪಾಗಿ ಸಾಯುತ್ತಿತ್ತು. ಮೇಲಿನವರು ಹೊಳೆಗೆ ಮಣ್ಣಿನ ಕಟ್ಟ ಹಾಕಿ ನೀರನ್ನು ಗದ್ದೆಗಳಿಗೆ ತಿರುಗಿಸಿ, ಬೂದಿ, ಮೀನುಗೊಬ್ಬರ ಎಲ್ಲ ತೊಳೆದ ನೀರನ್ನು ಪುನಃ ಹೊಳೆಗೇ ಬಿಡುತ್ತಾರೆ ಎಂಬುದು ಅವನ ವಾದ. ಅದು ನಿಜವಾದರೆ ಅವರನ್ನು ತಡೆಯಬಹುದು. ಉಪ್ಪು ಉಬ್ಬರದಲ್ಲಿ ಹೊಳೆಗೆ ನುಗ್ಗುವ ಕಡಲಿನದಾದರೆ ಯಾರನ್ನು ತಡೆಯುವುದು? ಗದ್ದೆ ಬಿಡಬೇಕು, ಅಷ್ಟೇ.

ಬಯಲು ಶುರುವಾಗುವಲ್ಲಿಂದ ಒಂದು ಕೊಡ, ಮುಗಿಯುವಲ್ಲಿಂದ ಒಂದು ಕೊಡ. ಎರಡೂ ಉಬ್ಬರದ ನೀರು ತಲುಪದ ಜಾಗಗಳು. ಮೂರನೆಯದು ತಮ್ಮನ ಗದ್ದೆಯ ಬದಿಯದ್ದು. ಒಂದೊಂದನ್ನೂ ಪೂರ್ತಿ ಬತ್ತಿಸಿ, ತಳದಲ್ಲಿ ಉಳಿದ ಬಿಳಿಯನ್ನು ಕೆರೆದು ಕೊಟ್ಟರೆ, ನನ್ನ ಗಂಡ ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿಯಿಟ್ಟು ತೂಗುತ್ತಿದ್ದರು. ವಾರವಾರವೂ ಅದೇ ಕಥೆ. ಮೊದಲನೆಯ ಕೊಡಕ್ಕಿಂತ ಎರಡನೆಯದರಲ್ಲಿ ಹೆಚ್ಚಿದ್ದದ್ದು ಒಂದು ಗುಲಗಂಜಿಯ ತೂಕ. ಮೂರನೆಯದರಲ್ಲಿ ಸೌಟು ತುಂಬ ಉಪ್ಪು.

"ಇದು ಕಡಲಿನದ್ದೇ," ಎಂದರು ಕೊನೆಗೆ.

"ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಬರೆದರೆ ಎಂತ ಆಗ್ತದೆ? ನನ್ನ ತಮ್ಮ ಅಲ್ವಾ?"

"ಮೇಲಿನವರಿಗೂ ಹೊಟ್ಟೆ ಉಂಟು," ಎಂದು ಅವರು ತಕ್ಕಡಿ ಒರೆಸತೊಡಗಿದರು. ನನಗೆ ಕೆಟ್ಟ ಸಿಟ್ಟು ಬಂತು. ಅವರು ಹೇಳಿದ್ದು ಸರಿ ಎಂಬುದಕ್ಕೇ ಸಿಟ್ಟು. ಅಷ್ಟು ಸೌದೆ ಉರಿಸಿ, ಕಣ್ಣು ಕೆಂಪು ಮಾಡಿಕೊಂಡು, ನನ್ನ ತವರಿನ ಗದ್ದೆಯನ್ನು ನಾನೇ ಬತ್ತಿಸಿದಂತಾಗಿತ್ತು.

ಭಾನುವಾರ ತಮ್ಮ ಬಂದ. ವಿಷಯ ಕೇಳಿ, "ಹಾಗಾದ್ರೆ ಕಡಲಿನ ಮೇಲೆ ದೂರು ಕೊಡ್ಬೇಕಾ ಬಾವ?" ಎಂದು ನಕ್ಕ. ಮತ್ತೆ, ಗದ್ದೆಯ ಜೇಡಿಮಣ್ಣನ್ನು ಹಂಚಿನ ಕಾರ್ಖಾನೆಗೆ ಕೊಡುತ್ತೇನೆ ಎಂದ. ಮಣ್ಣು ತೆಗೆದ ಮೇಲೆ ಅಲ್ಲಿ ಉಳಿಯುವುದು ಗುಂಡಿ. ಅದು ಮೂವರಿಗೂ ಗೊತ್ತಿತ್ತು.

ಊಟಕ್ಕೆ ಎಲೆ ಹಾಕಿದೆ. ಎಲೆಯ ತುದಿಗೆ ಮೊದಲು ಬಡಿಸಬೇಕಾದದ್ದು ಉಪ್ಪು. ನನಗೆ ಕೈ ಬರಲಿಲ್ಲ. ಅನ್ನ, ಸಾರು ಬಡಿಸಿ ಒಳಗೆ ಹೋಗಿ ಒಲೆಯ ಬದಿಯಲ್ಲಿ ನಿಂತೆ.

"ಅಕ್ಕ, ಉಪ್ಪು ಎಲ್ಲಿ ಉಂಟು?" ತಮ್ಮ ಹೊರಗಿನಿಂದ ಕರೆದ. "ಉಪ್ಪಿಲ್ಲದೆ ಹೇಗೆ ಉಣ್ಣುವುದು?"