ಇಂಟರ್‌ವೆಲ್ ತನಕ ನಡೆದ ಸಾಕಮ್ಮ

ರಾಜೀವನಗರದ ನಮ್ಮ ಬೀದಿಯಲ್ಲಿ ಸಾಕಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಕುಕ್ಕರ್ ಕೂಗಿದರೆ ನಾನು ಎದ್ದು ನನ್ನ ಸ್ಟೌ ಆರಿಸಲು ಹೋಗುತ್ತೇನೆ. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರಿಗೂ ಗಂಡಂದಿರಿಲ್ಲ. ನನಗೆ ಬಿ.ಪಿ., ಜೊತೆಗೆ ಮಂಡಿನೋವು. ಅವಳಿಗೆ ಶುಗರ್.

ಸಾಕಮ್ಮ ಇಪ್ಪತ್ತೆಂಟು ವರ್ಷ ಒಂದು ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾದವಳು. ಆ ಟಾಕೀಸು ಈಗಿಲ್ಲ, ಆ ಜಾಗದಲ್ಲಿ ಮದುವೆ ಛತ್ರ ಎದ್ದಿದೆ. ನಾನು ಅವಳನ್ನು ಮೊದಲು ನೋಡಿದ್ದು ಅಲ್ಲೇ, ಎಪ್ಪತ್ತೆಂಟನೇ ಇಸವಿಯಲ್ಲಿ. ನನ್ನ ಮಗಳು ಆರು ತಿಂಗಳ ಕೂಸು, ಸಿನಿಮಾ ಶುರುವಾದ ಕೂಡಲೇ ಕಿರುಚತೊಡಗಿತು. ಹಿಂದಿನ ಸಾಲಿನವರು ಬೈಯತೊಡಗಿದರು. ನಾನು ಎದ್ದು ಬಾಗಿಲಿಗೆ ಬಂದರೆ ಈ ಸಾಕಮ್ಮ ಕೂಸನ್ನು ಕೈಯಿಂದ ಕಿತ್ತುಕೊಂಡಳು. "ಹೋಗಿ ನೋಡ್ಕೊ ಹೋಗಕ್ಕ. ನಾನು ಇದುನ್ನ ಹನ್ನೆರಡು ಸಲ ಕೇಳಿವ್ನಿ" ಅಂದಳು. ನೋಡಿದ್ದೀನಿ ಅನ್ನಲಿಲ್ಲ, ಕೇಳಿದ್ದೀನಿ ಅಂದಳು. ಬಾಗಿಲಲ್ಲಿ ನಿಂತವರಿಗೆ ತೆರೆ ಕಾಣುವುದಿಲ್ಲ, ಮಾತು ಹಾಡು ಎಲ್ಲ ಕೇಳುತ್ತದೆ.

ಹೋದ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಒಂದು ದಿನ ಕುದಿಯುವ ಸಾರನ್ನು ತಟ್ಟೆಗೆ ಬಡಿಸುತ್ತೇನೆಂದು ಕಾಲ ಮೇಲೆ ಸುರಿದುಕೊಂಡಳು. ಸೊಸೆ ಮಾಲಾ ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಬೊಬ್ಬೆ ಎದ್ದ ಕಾಲು ನೋಡಿ, "ಸಾಕು ಅತ್ತೆ, ನಾನು ಕೆಲಸ ಬಿಟ್ಟು ಮನೇಲಿರ್ತೀನಿ" ಅಂದುಬಿಟ್ಟಳು.

ಆವತ್ತು ಸಂಜೆ ಸಾಕಮ್ಮ ನಮ್ಮ ಜಗಲಿಗೆ ಗೋಡೆ ಹಿಡಿದುಕೊಂಡೇ ಬಂದಳು.

"ಶಾಂತಕ್ಕ, ಆ ಹುಡ್ಗಿ ಅವರಪ್ಪನ್ ಜೊತೆ ಜಗಳ ಆಡ್ಕೊಂಡು ಕೆಲ್ಸಕ್ಕೆ ಸೇರಿದ್ದು. ಈಗ ಫ್ಯಾಕ್ಟ್ರಿ ಲೈನಲ್ಲಿ ಕೆಲ್ಸ ಮಾಡೋರ್ಗೆಲ್ಲ ಅವಳೇ ದೊಡ್ಡೋಳು. ನನ್ ಕಣ್ಣಿಗೆ ಅವಳ ಕೆಲ್ಸ ಬಲಿ ಕೊಡಕ್ಕಾಯ್ತದಾ? ನಾನು ಕಣ್ ಮಾಡಿಸ್ಕೊತೀನಿ."

"ನಿನ್ನ ಶುಗರಿಗೆ ಯಾವ ಡಾಕ್ಟ್ರು ಕತ್ತಿ ಹಿಡೀತಾರೆ?"

"ಇಳುಸ್ತೀನಿ ಕಣಕ್ಕ. ಇಳೀದೆ ಎಲ್ಲೋಯ್ತದೆ!"

ಕಣ್ಣಾಸ್ಪತ್ರೆಯವರು ಒಂದು ಉಚಿತ ಶಿಬಿರ ಇಟ್ಟಿದ್ದರು. ಬರಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿದಾಗ ಸಕ್ಕರೆ ನೂರೈವತ್ತರ ಒಳಗಿದ್ದರೆ ಮಾತ್ರ ಆಪರೇಷನ್ ಎಂದು ಡಾಕ್ಟರಮ್ಮ ಮೊದಲೇ ಹೇಳಿ ಕಳಿಸಿದ್ದರು. ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ದಾರಿಯಲ್ಲಿ ಮಾರಮ್ಮನ ಗುಡಿ. ಒಳ್ಳೆ ಕೆಲಸಕ್ಕೆ ಹೋಗುವಾಗ ಕೈಮುಗಿಯದೆ ಹೋಗುತ್ತಾರೆಯೇ? ಪೂಜಾರಪ್ಪ ಒಂದೊಂದು ದೊನ್ನೆ ಸಿಹಿ ಪೊಂಗಲು ಕೊಟ್ಟರು. ತುಪ್ಪ ತೇಲುತ್ತಿತ್ತು. ಕಣ್ಣಿಗೊತ್ತಿಕೊಂಡು ತಿಂದು, ಕೈ ತೊಳೆದು ಬಸ್ಸು ಹತ್ತಿದೆವು.

ಆಸ್ಪತ್ರೆಯಲ್ಲಿ ಬೆರಳಿಗೆ ಚುಚ್ಚುವ ಮುಂಚೆ ನರ್ಸ್ ಕೇಳಿದಳು, "ಅಜ್ಜಿ, ಏನಾದ್ರೂ ತಿಂದಿದ್ದೀರಾ?"

"ಇಲ್ಲ ಕಣವ್ವ, ಕಾಫಿ ಕೂಡ ಕುಡ್ದಿಲ್ಲ" ಎಂದಳು ಸಾಕಮ್ಮ. ಪಕ್ಕದಲ್ಲಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ದೇವರಾಣೆಗೂ ನಮ್ಮಿಬ್ಬರ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಪ್ರಸಾದವನ್ನು ಯಾರಾದರೂ ತಿಂಡಿ ಅನ್ನುತ್ತಾರೆಯೇ?

ಇನ್ನೂರ ನಲವತ್ತೆರಡು ಬಂತು. ಪಟ್ಟಿಯಿಂದ ಹೆಸರು ಹೊಡೆದು ಹಾಕಿದರು. ಮುಂದಿನ ಶಿಬಿರಕ್ಕೆ ಐದು ವಾರ.

ಮನೆಗೆ ಬಂದು ಹೇಳಿದರೆ ಮಾಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿಜ ಹೇಳಿ ಅತ್ತೆ, ಏನು ತಿಂದ್ರಿ?"

"ಏನೂ ಇಲ್ಲ ಕಣೇ. ಮಾರಮ್ಮನ ಪ್ರಸಾದ ಬುಟ್ರೆ ಒಂದ್ ಹನಿ ನೀರು..."

"ಪ್ರಸಾದ ಅಂದ್ರೆ? ಕುಂಕುಮಾನಾ, ಪೊಂಗಲಾ?"

ಸಾಕಮ್ಮ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಮಾಲಾ ನಗಲೂ ಆಗದೆ ಬೈಯಲೂ ಆಗದೆ ಒಳಗೆ ಹೋದಳು. ಮರುದಿನವೇ ಶುಗರ್ ನೋಡುವ ಪುಟ್ಟ ಮಿಷನ್ ತಂದಳು. ಅದರಲ್ಲಿ ಪೊಂಗಲಿಲ್ಲದೆಯೂ ನೂರ ಎಂಬತ್ತೊಂದು ತೋರಿಸಿತು. ಆಗ ಸಾಕಮ್ಮ, "ತಪ್ಪು ಮಾರಮ್ಮಂದಲ್ಲ, ನಂದೇ. ಮುಂದಿನ ಶಿಬಿರದ ಗಂಟ ನೀನು ಕೆಲ್ಸ ಬುಡ್ಬ್ಯಾಡ" ಅಂದಳು. ಕಾಫಿಯ ಸಕ್ಕರೆಗೆ ಅವತ್ತೇ ಮಂಗಳ ಹಾಡಿದಳು.

ಇನ್ನು ನಡಿಗೆ. ಪಾರ್ಕಿಗೆ ಹೋಗಲು ಕಣ್ಣು ಕಾಣದು, ನಮ್ಮ ಬೀದಿಯಲ್ಲೇ ನಡೆಯಬೇಕು. ಎಷ್ಟು ನಡೆದೆ ಎಂದು ಲೆಕ್ಕ ಹಾಕಲು ಮಾಲಾ ಮೊಬೈಲಿನಲ್ಲಿ ಏನೋ ಹಾಕಿಕೊಟ್ಟಳು. ಅಕ್ಷರ ಬಾರದ, ಕಣ್ಣೂ ಕಾಣದ ಹೆಂಗಸು ಅದನ್ನು ಇಟ್ಟುಕೊಂಡು ಏನು ಮಾಡುತ್ತಾಳೆ? ಎರಡು ದಿನ ನೋಡಿ ಸಾಕಮ್ಮ ತನ್ನದೇ ದಾರಿ ಹಿಡಿದಳು.

"ಮಾಲಾ, ಅದ್ರಲ್ಲಿ ಸಿನಿಮಾ ಹಾಕ್ಕೊಡೆ. ಹಳೇದು."

"ಕಾಣಲ್ವಲ್ಲ ಅತ್ತೆ?"

"ನಾನ್ ಯಾವತ್ತು ನೋಡಿದ್ದೆ? ಕೇಳುಸ್ಲಿ ಸಾಕು."

ಮೊಬೈಲನ್ನು ಎಲೆಯಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಿನಿಮಾ ಶುರುವಾದರೆ ಇವಳೂ ಶುರು. ಇಂಟರ್‌ವೆಲ್ ಬರುವ ತನಕ ಕೂರುವುದಿಲ್ಲವೆಂದು ಹಟ. ಇಂಟರ್‌ವೆಲ್ ಯಾವ ಮಾತಿಗೆ ಬೀಳುತ್ತದೆಂದು ಅವಳಿಗೆ ಕರಾರುವಾಕ್ಕಾಗಿ ಗೊತ್ತು, ಬಾಗಿಲು ತೆಗೆಯಬೇಕಾದವಳು ತಾನೇ ಅಲ್ಲವೇ! ಬೆಳಿಗ್ಗೆ ಆರಕ್ಕೆ ನಮ್ಮ ಬೀದಿಯಲ್ಲಿ ಅವಳ ಸೊಂಟದೊಳಗಿಂದ ಕತ್ತಿ ಕಾಳಗ, ಅಳು, ಕುದುರೆ ಓಟ. ಎದುರು ಮನೆಯ ವಾಗೀಶ, ರಿಟೈರಾದ ಮೇಷ್ಟ್ರು, ಹಲ್ಲುಜ್ಜುತ್ತಾ, "ಏನು ಸಾಕಮ್ಮನವರೇ, ಹೀರೋಯಿನ್ ಇನ್ನೂ ಅಳ್ತಾನೇ ಇದ್ದಾಳಾ?" ಎಂದು ಕೇಳಿದರೆ, "ಅವಳು ಅಳೋದು ನಿಲ್ಲುಸ್ಲಿ ಅಂತ ನಾನೂ ಓಡ್ತಾ ಇವ್ನಿ ಬುಡಿ ಸಾ" ಅನ್ನುವಳು.

ನನಗೆ ಮೊಬೈಲಿನಲ್ಲಿ ಸಿನಿಮಾ ಸೇರುವುದಿಲ್ಲ. ಅಂಗೈಯಗಲದ ರಾಜ, ಬೆರಳುದ್ದದ ರಾಣಿ. ಪಕ್ಕದವರ ಕಡಲೆಕಾಯಿ ವಾಸನೆ ಇಲ್ಲ, ಶಿಳ್ಳೆ ಇಲ್ಲ. ಆದರೆ ಜಗಲಿಯಲ್ಲಿ ಕೂತು ಅವಳ ಸುತ್ತು ಎಣಿಸುವಾಗ ನನಗೂ ಅದು ಒಗ್ಗಿತು. ಮೊದಲ ವಾರ ಒಂದು ಗಂಟೆ ಹತ್ತು ನಿಮಿಷಕ್ಕೆ ಬೀಳುವ ಇಂಟರ್‌ವೆಲ್ ಮುಟ್ಟುವಷ್ಟರಲ್ಲಿ ನಾಲ್ಕು ಸಲ ನಿಂತು ಸುಧಾರಿಸಿಕೊಂಡಳು. ಮೂರನೇ ವಾರ ಒಂದು ಸಲವೂ ನಿಲ್ಲಲಿಲ್ಲ. ಒಮ್ಮೆ ಮಳೆ ಬಂತು. ಒಳಗೆ ಬಾ ಎಂದು ಕೂಗಿದೆ. "ಸಿನಿಮಾ ನಿಂತಿಲ್ವಲ್ಲಕ್ಕ!" ಎಂದು ಕೊಡೆ ಹಿಡಿದು ನಡೆದಳು. ಐದನೇ ವಾರಕ್ಕೆ ಮಿಷನ್ ನೂರ ನಲವತ್ತು, ನೂರ ಮೂವತ್ತೆಂಟು ಎನ್ನತೊಡಗಿತು.

ಎರಡನೇ ಶಿಬಿರದ ದಿನ ಮಾರಮ್ಮನಿಗೆ ಮನೆಯಿಂದಲೇ ಕೈಮುಗಿದು ಹಿಂದಿನ ರಸ್ತೆಯಿಂದ ಹೋದೆವು. ಮಾಲಾ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ನಮ್ಮಿಬ್ಬರ ಮೇಲೆ ಅವಳಿಗೆ ಅಷ್ಟು ನಂಬಿಕೆ! ನೂರ ಮೂವತ್ತಾರು ಬಂತು. ಮಧ್ಯಾಹ್ನದೊಳಗೆ ಬಲಗಣ್ಣಿನ ಆಪರೇಷನ್ ಮುಗಿಯಿತು.

ಮರುದಿನ ಪಟ್ಟಿ ಬಿಚ್ಚಿ ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರ ತೋರಿಸಿದರು. ಸಾಕಮ್ಮ ಅದನ್ನು ನೋಡಿ, ತಿರುಗಿ ಡಾಕ್ಟರಮ್ಮನ ಮುಖ ನೋಡಿದಳು.

"ಕಾಣ್ತಿಲ್ವಾ ಅಜ್ಜಿ?"

"ಕಾಣ್ತದೆ ತಾಯಿ. ಓದಾಕ್ ಬರಕ್ಕಿಲ್ಲ. ಅಂಕಿ ಇದ್ರೆ ತೋರ್ಸಿ, ಕತ್ಲಲ್ಲಿ ಸೀಟ್ ನಂಬರ್ ನೋಡಿ ಜನುನ್ನ ಕೂರ್ಸಿದೋಳು ನಾನು."

ಅಂಕಿಯ ಹಲಗೆ ತಂದರು. ದೊಡ್ಡದರಿಂದ ಹಿಡಿದು ಇರುವೆಯಂಥದ್ದರವರೆಗೆ ಒಂದೇ ಉಸಿರಿಗೆ ಹೇಳಿದಳು. ಕೊನೆಯ ಸಾಲಿನಲ್ಲಿ ಒಂದು ತಪ್ಪಿತು, ಅದನ್ನು ಅವಳೇ ತಿದ್ದಿಕೊಂಡಳು. ಮಾಲಾ ಕಣ್ಣೊರೆಸಿಕೊಂಡು, "ಮಧ್ಯಾಹ್ನ ಎರಡು ಗಂಟೆ ಶಿಫ್ಟಿಗೆ ಹೋಗ್ಬಹುದಾ ಅತ್ತೆ?" ಎಂದಳು.

"ಇನ್ನೂ ಇಲ್ಲೇ ನಿಂತಿದ್ದೀಯಾ? ಹೋಗೇ, ಬಸ್ಸು ಹೋದಾತು!"

ಎಡಗಣ್ಣಿಗೆ ಮುಂದೆ ಬನ್ನಿ, ಸಕ್ಕರೆ ಹೀಗೇ ಇದ್ದರೆ ನೋಡೋಣ ಎಂದರು ಡಾಕ್ಟರಮ್ಮ.

"ಇರ್ತದೆ. ನೀವು ತಾರೀಕು ಬರ್ಕೊಳಿ" ಎಂದಳು ಸಾಕಮ್ಮ. ಅವರು ಬರೆದುಕೊಳ್ಳುವ ತನಕ ಆ ಕುರ್ಚಿಯಿಂದ ಏಳಲಿಲ್ಲ.